ಮುಂಗೈಯ ತಿರುವು ಮತ್ತು ಅದರ ಅಳತೆ

ಪ್ರಸವಕಾಲದಲ್ಲಿ ಶಿಶುವಿನ ಭುಜವು ತಾಯಿಯ ಶ್ರೋಣಿಯ ಎಲುಬಿಗೆ ತಡೆಗೊಂಡು ಕೊರಳು ಒಂದು ಪಕ್ಕಕ್ಕೆ ಸೆಳೆಯಲ್ಪಟ್ಟಾಗ, ಕತ್ತಿನಿಂದ ತೋಳಿಗಿಳಿಯುವ ನರಜಾಲಕ್ಕೆ ಒದಗುವ ಆಘಾತವನ್ನು ಡುಶೆನ್ 1872ರಲ್ಲಿಯೂ ಎರ್ಬ್ 1874ರಲ್ಲಿಯೂ ವಿವರಿಸಿದಂದಿನಿಂದ ವೈದ್ಯಶಾಸ್ತ್ರವು ಚೆನ್ನಾಗಿ ಬಲ್ಲುದು; ಆದರೆ ಅಂಥ ತೋಳು ಎಷ್ಟರಮಟ್ಟಿಗೆ ಚೇತರಿಸಿಕೊಂಡಿತೆಂಬುದನ್ನು ಅಳೆಯುವ ಪದ್ಧತಿಗಳಲ್ಲಿ ಮುಂಗೈಯ ತಿರುವಿಗೆ ದೊರೆತಿರುವ ಸ್ಥಾನವು ನನಗೆ ತೃಪ್ತಿಕರವಾಗಿ ತೋರುವುದಿಲ್ಲ.

1972ರಲ್ಲಿ ಮ್ಯಾಲೆ ರೂಪಿಸಿದ ಮಾನಕವು ಇಂದಿಗೂ ಬಹುಬಳಕೆಯಲ್ಲಿದೆ. ತೋಳನ್ನು ಪಕ್ಕಕ್ಕೆತ್ತುವುದು, ಹೊರಕ್ಕೆ ತಿರುಗಿಸುವುದು, ಕೈಯನ್ನು ಹಿಂದಲೆಗೂ ಬೆನ್ನಿಗೂ ಬಾಯಿಗೂ ಒಯ್ಯುವುದು ಎಂಬ ಐದು ಕ್ರಿಯೆಗಳನ್ನು ಮಗುವು ಆಟವಾಡುತ್ತಲೇ ಮಾಡಿ ತೋರಿಸಬಹುದಾದ ಸರಳತೆ ಅದರ ನಿಜವಾದ ಗುಣ. ಆದರೆ ಅದು ಮೂಲತಃ ಭುಜದ ಮಾನಕ. ತುತ್ತನ್ನು ಬಾಯಿಗಿಡಲು ಅಂಗೈಯನ್ನು ತಿರುಗಿಸಲಾರದ ಮಗುವು ಕಹಳೆಯೂದುವವನಂತೆ ಮೊಣಕೈಯನ್ನೆತ್ತಿ ಕಾರ್ಯಸಾಧಿಸುವಾಗ, ಮಾನಕವು ಎತ್ತಿದ ತೋಳನ್ನು ಎಣಿಸಿ, ತಿರುಗದ ಮುಂಗೈಯನ್ನು ಬಿಟ್ಟುಬಿಡುತ್ತದೆ.

ಟೊರಾಂಟೊದ ಕ್ಲಾರ್ಕ್ ಮತ್ತು ಕರ್ಟಿಸ್ 1995ರಲ್ಲಿ ಪ್ರಕಟಿಸಿದ ಕ್ರಮವು ಈ ವಿಷಯದಲ್ಲಿ ಹೆಚ್ಚು ನ್ಯಾಯವಂತವಾದುದು. ಅಂಗೈ ಮೇಲಾಗುವುದಕ್ಕೂ ಕೆಳಗಾಗುವುದಕ್ಕೂ ಅದು 0ಯಿಂದ 7ರವರೆಗೆ ಬೇರೆಬೇರೆ ಅಂಕಗಳನ್ನು ಕೊಡುತ್ತದೆ. ಆದರೂ ಪರೀಕ್ಷಕನು ತಿರುಗಿಸಿದಾಗ ಸಂಧಿಯು ಎಡೆಗೊಡುವಷ್ಟು ಪರಿಮಿತಿಯೊಳಗೇ ಚಲನೆಯನ್ನು ಎಣಿಸುವುದರಿಂದ, ಸಂಧಿಯೇ ಬಿಗಿದುಹೋದ ಮಗುವಿಗೂ ಪೂರ್ಣಾಂಕ ಲಭಿಸಬಹುದಾಗಿದೆ. ಇದು ಸಣ್ಣ ಲೋಪವಲ್ಲ.

ಏಕೆಂದರೆ ಬಿಗಿತವೇ ಈ ವ್ಯಾಧಿಯ ಮುಂದಿನ ಚರಿತ್ರೆ. ಕತ್ತಿನ ಐದನೆಯ ಆರನೆಯ ನರಮೂಲಗಳು ಮಾತ್ರ ನೊಂದರೆ ಬೈಸೆಪ್ಸ್ ದುರ್ಬಲವಾಗಿ ಅಂಗೈ ಕೆಳಮುಖವಾಗಿ ನಿಲ್ಲುತ್ತದೆ; ಆಘಾತವು ಕೆಳಗಿನ ಮೂಲಗಳಿಗೂ ವ್ಯಾಪಿಸಿ, ತರುವಾಯ ಬೈಸೆಪ್ಸ್ ಒಂದೇ ಬಲಗೊಂಡರೆ, ಅದನ್ನು ತಡೆಯುವ ಸ್ನಾಯುಗಳಿಲ್ಲದೆ ಅಂಗೈ ಮೇಲ್ಮುಖವಾಗಿ ಸ್ಥಿರಗೊಳ್ಳುತ್ತದೆ. ಶಿಶುವಿನ ಮೊಣಕೈ ಬಾಗಿತೆಂದು ಎಲ್ಲರೂ ಹರ್ಷಿಸುವ ಘಳಿಗೆಯೇ ಹೀಗೆ ಇನ್ನೊಂದು ವೈಕಲ್ಯದ ಆರಂಭವಾಗಬಹುದೆಂಬುದು ವೈದ್ಯನ ಮನಸ್ಸಿನಿಂದ ಮರೆಯಾಗಕೂಡದು. ಜಾಂಕೊಲಿ 1967ರಲ್ಲಿ ವರ್ಣಿಸಿದ ಶಸ್ತ್ರಕ್ರಿಯೆಯು ಬೈಸೆಪ್ಸಿನ ಕಂಡರವನ್ನು ಮುಂಗೈಯೆಲುಬಿನ ಸುತ್ತ ಮಾರ್ಗಬದಲಿಸಿ, ಮೇಲಕ್ಕೆ ತಿರುಗಿಸುತ್ತಿದ್ದ ಬಲವನ್ನೇ ಕೆಳಕ್ಕೆ ತಿರುಗಿಸುವ ಬಲವನ್ನಾಗಿಸುವ ಚತುರ ಉಪಾಯ. ಆದರೆ ಅದು ಒಂದನ್ನು ಕೊಟ್ಟು ಇನ್ನೊಂದನ್ನು ಕೊಂಚವಾದರೂ ಕಸಿಯುವಂಥದು. ಬರೆಯುವುದಕ್ಕೆ ಅಂಗೈ ಕೆಳಗಾಗಬೇಕು, ತೀರ್ಥ ಸ್ವೀಕರಿಸಲು ಮೇಲಾಗಬೇಕು. ಯಾವುದನ್ನು ಎಷ್ಟು ಉಳಿಸಬೇಕೆಂಬ ನಿರ್ಣಯವನ್ನು ಮಗುವಿನ ದಿನಚರಿಯನ್ನು ಬಲ್ಲ ತಂದೆತಾಯಿಗಳೊಡನೆ ಕುಳಿತೇ ಮಾಡತಕ್ಕದ್ದು. ಮೊಣಕೈಯನ್ನು ಪಕ್ಕೆಗೊತ್ತಿ ಬಾಗಿಸಿ ಹಿಡಿದು, ಮಗು ತಾನಾಗಿ ತಿರುಗಿಸಿದಷ್ಟನ್ನೂ ಪರೀಕ್ಷಕನು ತಿರುಗಿಸಿದಷ್ಟನ್ನೂ ಎರಡು ಪ್ರತ್ಯೇಕ ಅಂಕಿಗಳಾಗಿ ಬರೆದಿಡದ ಯಾವ ಮಾನಕವೂ ಆ ನಿರ್ಣಯಕ್ಕೆ ಸಾಕಷ್ಟು ಆಧಾರವನ್ನು ಒದಗಿಸಲಾರದು.