ಪಂಜರದ ಬಾಗಿಲು ತೆರೆದರೆ ಸಾಲದು

ಗಿಳಿ ಸಾಕುವುದು ಅಪರಾಧ ಎಂಬ ಸುದ್ದಿ ಶಿರಾಲಿ, ಭಟ್ಕಳದ ಕಡೆಯ ಮನೆಗಳಿಗೂ ಮುಟ್ಟಿದೆ. ಆದರೆ ಈಗಾಗಲೇ ಸಾಕಿದ ಗಿಳಿಯನ್ನು ಏನು ಮಾಡಬೇಕು ಎಂಬುದನ್ನು ಯಾರೂ ಸರಿಯಾಗಿ ಹೇಳಿಲ್ಲ. ಹೀಗಾಗಿ ಮನೆಯ ಹಿರಿಯರು ಹಾಸಿಗೆ ಹಿಡಿದಾಗಲೋ, ಮಕ್ಕಳು ಬೆಂಗಳೂರಿಗೋ ಗಲ್ಫಿಗೋ ಹೊರಟಾಗಲೋ ಪಂಜರವನ್ನು ಗುಡ್ಡದ ಬದಿಗೆ ಒಯ್ದು ಬಾಗಿಲು ತೆರೆದು ಬರುವವರಿದ್ದಾರೆ. ಪುಣ್ಯದ ಕೆಲಸವೆಂದೇ ಅವರು ನಂಬಿರುತ್ತಾರೆ. ಹಕ್ಕಿಯ ಕಡೆಯಿಂದ ನೋಡಿದರೆ ಅದು ಸಾವಿಗೆ ಒಪ್ಪಿಸಿದಂತೆಯೇ.

ಕರಾವಳಿಯಲ್ಲಿ ಒಣಗಿದ ತೆಂಗಿನಮರದ ಪೊಟರೆ ಗಿಳಿಗೆ ಇಷ್ಟದ ಜಾಗ. ಮರ ಉರುಳಿದಾಗ ಪುಕ್ಕ ಮೂಡದ ಮರಿಗಳು ಸಿಗುತ್ತವೆ. ಗಂಜಿ ತಿನ್ನಿಸಿ ಬೆಳೆಸಿದ ಅಂಥ ಮರಿಗೆ ಯಾವ ಹಣ್ಣು ಯಾವ ತಿಂಗಳಲ್ಲಿ ಎಲ್ಲಿ ಸಿಗುತ್ತದೆಂದು ತಿಳಿಯದು. ಗಿಡುಗದ ನೆರಳು ಬಿದ್ದರೆ ಅಡಗಬೇಕೆಂದು ಕಲಿಸಿದವರೂ ಇಲ್ಲ. ಅದನ್ನೆಲ್ಲ ಕಲಿಸುವುದು ತಾಯಿ-ತಂದೆ ಮತ್ತು ಹಿಂಡು. ಬಾಗಿಲು ತೆರೆದರೂ ಗಿಳಿ ಪಂಜರದ ಮೇಲೆಯೇ ಹತ್ತಿ ಕೂರುತ್ತದೆ. ರೆಕ್ಕೆಯ ದೊಡ್ಡ ಗರಿಗಳನ್ನು ಕತ್ತರಿಸಿದ್ದರೆ ನಾಲ್ಕು ಮಾರು ಹಾರಿ ನೆಲಕ್ಕೆ ಬೀಳುತ್ತದೆ. ಕಾಗೆ, ಬೆಕ್ಕು, ನಾಯಿಗಳಿಗೆ ಅಷ್ಟೇ ಸಾಕು.

ಕಾನೂನು ಏನು ಮಾಡಿದೆ? ನಮ್ಮ ನಾಡಿನ ಗಿಳಿಗಳನ್ನು ಹಿಡಿಯುವುದಕ್ಕೂ ಮಾರುವುದಕ್ಕೂ ಸಾಕುವುದಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿಲ್ಲ. ಇದು ಸರಿಯೇ. ಆದರೆ ಮಕಾವ್, ಆಫ್ರಿಕನ್ ಗ್ರೇಯಂಥ ವಿದೇಶಿ ಹಕ್ಕಿ ಸಾಕಿದವರಿಗೆ ಕೇಂದ್ರ ಸರ್ಕಾರ 2020ರಲ್ಲಿ ಆರು ತಿಂಗಳ ಅವಧಿ ಕೊಟ್ಟಿತು; ಆ ಅವಧಿಯಲ್ಲಿ ತಾವಾಗಿ ಘೋಷಿಸಿಕೊಂಡವರನ್ನು ದಾಖಲೆ ಕೇಳಲಿಲ್ಲ. 2024ರ ಫೆಬ್ರವರಿಯ ನಿಯಮಗಳಲ್ಲೂ ನೋಂದಣಿಗೆ ಆರು ತಿಂಗಳು ಸಿಕ್ಕಿತು. ದುಡ್ಡು ಕೊಟ್ಟು ಮಕಾವ್ ತಂದವರಿಗೆ ದಾರಿ ಇದೆ, ಬಿದ್ದ ಮರದಿಂದ ಮರಿ ಎತ್ತಿಕೊಂಡ ಮನೆಗೆ ಹೆದರಿಕೆ ಮಾತ್ರ ಇದೆ. ಆ ಹೆದರಿಕೆಯೇ ಅನೇಕ ಪಂಜರಗಳನ್ನು ಗುಡ್ಡದ ಬದಿಗೆ ಹೊರಿಸುತ್ತದೆ.

ಸಾಕಿದ ಹಕ್ಕಿಗಳ ಮರುಆಸರೆಯ ಮಾತು ಬಂದಾಗ ಕರ್ನಾಟಕದಲ್ಲಿ ಮೊದಲು ನೆನಪಾಗುವುದು ಮೈಸೂರಿನ ಅವಧೂತ ದತ್ತ ಪೀಠದ ಶುಕವನ. ಗಣಪತಿ ಸಚ್ಚಿದಾನಂದ ಸ್ವಾಮೀಜಿ ಕಟ್ಟಿಸಿದ, ಸುಮಾರು 50 ಮೀಟರ್ ಎತ್ತರದ ಈ ಹಕ್ಕಿಮನೆಯಲ್ಲಿ 468 ಜಾತಿಯ ಹಕ್ಕಿಗಳಿದ್ದವೆಂದು 2017ರಲ್ಲಿ ಗಿನ್ನೆಸ್ ದಾಖಲೆಯಾಯಿತು. ಗಾಯಗೊಂಡ, ಮನೆ ತಪ್ಪಿದ ಹಕ್ಕಿಗಳಿಗೆ ಅಲ್ಲಿ ಆರೈಕೆಯಿದೆ. ಮೊಳದುದ್ದದ ಪಂಜರದಲ್ಲಿ ಸೂರ್ಯಕಾಂತಿ ಬೀಜವೊಂದನ್ನೇ ತಿಂದು ಯಕೃತ್ತಿನಲ್ಲಿ ಕೊಬ್ಬು ತುಂಬಿಸಿಕೊಂಡ, ಬೇಸರಕ್ಕೆ ತನ್ನ ಗರಿ ತಾನೇ ಕಿತ್ತುಕೊಳ್ಳುವ ಹಕ್ಕಿಗೆ ಹಾರುವ ಎತ್ತರವೂ ಜೊತೆಗಾರರೂ ಸಿಗುವುದು ದೊಡ್ಡ ಮಾತು. ಅಮೆಜಾನಿನ ಮಕಾವ್‌ಗೆ ಇಲ್ಲಿ ಹೋಗಲು ಕಾಡಿಲ್ಲ. ಐವತ್ತು ವರ್ಷ ಬದುಕಬಲ್ಲ ಹಕ್ಕಿಗೆ ಜೀವಮಾನದ ಆಸರೆ ಇಂಥಲ್ಲೇ ಆಗಬೇಕು.

ಆದರೂ ಜಾತಿಗಳ ಎಣಿಕೆ ಆರೈಕೆಯ ಅಳತೆಗೋಲಾಗಬಾರದು. ನಮ್ಮ ಗಿಳಿಯ ಮಟ್ಟಿಗೆ ಎಷ್ಟೇ ಎತ್ತರದ ಬಲೆಮನೆಯೂ ನಡುವಿನ ತಂಗುದಾಣ ಮಾತ್ರ. ಎಷ್ಟು ಹಕ್ಕಿಗಳು ಮರಕ್ಕೆ ಮರಳಿ ಬದುಕಿದವು ಎಂಬುದೇ ಅದರ ಲೆಕ್ಕ. ಆ ಕೆಲಸಕ್ಕೆ ಕ್ರಮವಿದೆ. ಕಾಡು ಹಕ್ಕಿಗಳಿಗೆ ರೋಗ ಅಂಟದಂತೆ ಮೊದಲು ಬೇರೆ ಇರಿಸಿ ಪರೀಕ್ಷಿಸಬೇಕು. ಕತ್ತರಿಸಿದ ಗರಿ ಉದುರಿ ಹೊಸದು ಬರಲು ವರ್ಷದವರೆಗೂ ಕಾಯಬೇಕಾಗಬಹುದು. ಉದ್ದನೆಯ ಗೂಡಿನಲ್ಲಿ ಹಾರಿಸಿ, ಅದೇ ಜಾತಿಯ ಗುಂಪಿನೊಂದಿಗೆ ಬೆರೆಸಬೇಕು. ಬಿಡುವ ಜಾಗವೂ ಮುಖ್ಯ. ತೆಂಗಿನತೋಟದ ಕೊರಳಪಟ್ಟಿಯ ಗಿಳಿ ಬೇರೆ, ಘಟ್ಟದ ಹಸಿರುಕಾಡಿನ ನೀಲಿ ರೆಕ್ಕೆಯ ಮಲಬಾರ್ ಗಿಳಿ ಬೇರೆ. ಒಂದರ ನೆಲೆಯಲ್ಲಿ ಇನ್ನೊಂದನ್ನು ಬಿಟ್ಟರೆ ಹಿಂಡು ಸಿಗದು.

ಶಿರಾಲಿಯ ಗಿಳಿಗಾಗಿ ಘಟ್ಟ ಹತ್ತಿ ಮೈಸೂರಿಗೆ ಹೋಗುವವರು ಯಾರು? ಭಟ್ಕಳ, ಹೊನ್ನಾವರ, ಕುಮಟಾಗಳು ಸೇರುವ ಹೊನ್ನಾವರ ಅರಣ್ಯ ವಿಭಾಗವೇ ಮುಂದಾಗಬೇಕು. ಪ್ರತಿವರ್ಷ ಕೆಲವು ವಾರ, ಕೇಸು ಹಾಕದೆ, ಹೆಸರು ಬರೆಸಿಕೊಳ್ಳದೆ ಸಾಕಿದ ಗಿಳಿಗಳನ್ನು ಪಡೆದು ಪಶುವೈದ್ಯರ ಕೈಗೊಪ್ಪಿಸುವ ವ್ಯವಸ್ಥೆ ಬೇಕು. ಇದಕ್ಕೆ ಮೇಲಿನ ಅನುಮತಿ ಬೇಕಾದರೆ ಕೇಳಲಿ. ಮಕಾವ್‌ಗೆ ಸಿಕ್ಕ ರಿಯಾಯಿತಿ ಊರಿನ ಗಿಳಿಗೂ ಸಲ್ಲಬೇಕು. ನಮ್ಮ ಪಾಲಿನ ಕೆಲಸ ಇನ್ನೂ ಸುಲಭ: ಗಿಳಿ ಗೂಡಿಟ್ಟ ಒಣ ತೆಂಗನ್ನು ಮರಿಗಳು ಹಾರಿಹೋಗುವ ತನಕ ಕಡಿಯದಿರುವುದು. ಮಳೆಗಾಲಕ್ಕೆ ಮುಂಚೆ ಆ ಮರ ಹೇಗೂ ನಮಗೇ ಸಿಗುತ್ತದೆ.