‘ಗುಡುಗುಡಿಯ ಸೇದಿ ನೋಡೋ’: ಒಂದು ತತ್ತ್ವಪದ ರಾಕ್ ಗೀತವಾದ ಬಗೆ

೧

ಕಾವ್ಯದ ಚರಿತ್ರೆಯನ್ನು ಬರೆಯಹೊರಟವನು ಸಾಮಾನ್ಯವಾಗಿ ಕವಿಯ ಕಾಲದಲ್ಲಿ ಆರಂಭಿಸಿ ಅಚ್ಚಾದ ಪ್ರತಿಯ ಬಳಿಯಲ್ಲಿ ನಿಲ್ಲುತ್ತಾನೆ. ಹಾಡಿನ ಚರಿತ್ರೆಗೆ ಈ ಮೇರೆ ಸಾಲದು. ಹಾಡು ಕಂಠದಿಂದ ಕಂಠಕ್ಕೆ, ವಾದ್ಯದಿಂದ ವಾದ್ಯಕ್ಕೆ ಸಾಗತಕ್ಕ ವಸ್ತುವಾದುದರಿಂದ ಪ್ರತಿಯೊಂದು ತಲೆಮಾರೂ ಅದನ್ನು ಅಷ್ಟಿಷ್ಟು ಹೊಸದಾಗಿ ರಚಿಸುತ್ತದೆ. ಶಿಶುನಾಳ ಶರೀಫ ಸಾಹೇಬರ ‘ಗುಡುಗುಡಿಯ ಸೇದಿ ನೋಡೋ’ ಎಂಬ ಪದವು ಇದಕ್ಕೆ ಒಳ್ಳೆಯ ನಿದರ್ಶನ. ಇಂದಿನ ಕಾಲೇಜು ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಈ ಪದದ ಪರಿಚಯವಾದುದು ಭಜನೆಯ ಗೋಷ್ಠಿಯಲ್ಲಲ್ಲ, ಗಿಟಾರು ಡ್ರಮ್ಮುಗಳ ವೇದಿಕೆಯಲ್ಲಿ. ಆದಕಾರಣ ಈ ಪದವು ರಾಕ್ ಗೀತವಾದ ಬಗೆ ಹೇಗೆ, ಆ ರೂಪಾಂತರದಲ್ಲಿ ಉಳಿದುದೇನು, ಕಳೆದುದೇನು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ರಾಕ್ ಸಂಗೀತದ ವಿಷಯವಾಗಿ ಒಂದೆರಡು ಮಾತು. ೧೯೬೦ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ತರುಣ ವಾದಕರಿಗೆ ಮೂರು ನಿಮಿಷದ ಪ್ರೇಮಗೀತೆಯಲ್ಲಿ ತೃಪ್ತಿಯಿಲ್ಲದಾಯಿತು. ಶಾಸ್ತ್ರೀಯ ಸಂಗೀತದ ವಿಸ್ತಾರವನ್ನೂ ಹಳೆಯ ಸಾಹಿತ್ಯದ ಗಾಂಭೀರ್ಯವನ್ನೂ ವಿದ್ಯುತ್ ವಾದ್ಯಗಳಿಗೆ ತರಲು ಅವರು ಯತ್ನಿಸಿದರು. ಇದಕ್ಕೆ ‘ಪ್ರೊಗ್ರೆಸಿವ್ ರಾಕ್’ ಎಂಬ ಹೆಸರು ಬಂದಿತು. ಎಮರ್ಸನ್, ಲೇಕ್ ಮತ್ತು ಪಾಮರ್ ಎಂಬ ಮೂವರ ತಂಡವು ೧೯೭೩ರಲ್ಲಿ ಧ್ವನಿಮುದ್ರಿಸಿದ ‘ಜೆರೂಸಲೆಮ್’ ನಮ್ಮ ವಿಷಯಕ್ಕೆ ಅತ್ಯಂತ ಹತ್ತಿರದ ಉದಾಹರಣೆ. ಅದರ ಸಾಹಿತ್ಯ ೧೯ನೆಯ ಶತಮಾನದ ಆದಿಭಾಗದಲ್ಲಿ ವಿಲಿಯಂ ಬ್ಲೇಕ್ ಕವಿ ಬರೆದದ್ದು. ಧಾಟಿಯನ್ನು ೧೯೧೬ರಲ್ಲಿ ಹ್ಯೂಬರ್ಟ್ ಪ್ಯಾರಿ ಎಂಬ ವಿದ್ವಾಂಸರು ಕೂಡಿಸಿದರು. ರಾಕ್ ವಾದ್ಯಗಳು ಆಮೇಲೆ ಬಂದವು. ಹೀಗೆ ಕವಿ, ಸ್ವರಕಾರ, ವಾದಕ ಎಂಬ ಮೂವರ ಕೈ ಒಂದೇ ಹಾಡಿನ ಮೇಲೆ ಒಂದೂವರೆ ಶತಮಾನದ ಅವಧಿಯಲ್ಲಿ ಬಿದ್ದಿದೆ. ನಮ್ಮ ದೇಶದಲ್ಲಿಯೂ ೧೯೭೫ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ‘ಮೊಹೀನೇರ್ ಘೋಡಾಗುಲಿ’ ತಂಡವು ಬಂಗಾಳದ ಬಾವುಲರ ಹಾಡಿನ ಸತ್ತ್ವವನ್ನು ಪಾಶ್ಚಾತ್ಯ ವಾದ್ಯಗಳೊಡನೆ ಬೆರೆಸಿತು. ಕನ್ನಡದ ಪ್ರಯೋಗವನ್ನು ಈ ಹಿನ್ನೆಲೆಯಲ್ಲಿ ನೋಡತಕ್ಕದ್ದು. ಲಕ್ಷಣವನ್ನು ಕಟ್ಟುನಿಟ್ಟಾಗಿ ಹಿಡಿದರೆ ಅದನ್ನು ಜಾನಪದ ರಾಕ್ ಎನ್ನಬೇಕಾಗುವುದು. ಆದರೆ ಹಳೆಯ ಪಠ್ಯಕ್ಕೆ ಹೊಸ ನಾದವನ್ನು ಹೊದಿಸುವ ಸಮಸ್ಯೆ ಎರಡು ಕಡೆಯೂ ಒಂದೇ.

೩

ಶರೀಫ ಸಾಹೇಬರು ೧೮೧೯ರಲ್ಲಿ ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದಲ್ಲಿ ಹುಟ್ಟಿ ೧೮೮೯ರಲ್ಲಿ ಕಾಲವಾದರು. ಅಂದು ಆ ಪ್ರಾಂತವು ಮುಂಬಯಿ ಆಧಿಪತ್ಯಕ್ಕೆ ಸೇರಿದ ಧಾರವಾಡ ಜಿಲ್ಲೆಯಾಗಿದ್ದಿತು. ಹುಟ್ಟಿನಿಂದ ಮುಸಲ್ಮಾನರಾದ ಇವರು ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರುವಿನ ಶಿಷ್ಯರಾದುದು ನಾಡಿಗೆಲ್ಲ ತಿಳಿದ ಸಂಗತಿ. ಬೀಸುವ ಕಲ್ಲು, ಸೋರುವ ಮನೆ, ಕೋಳಿ, ಕೋಡಗ ಮುಂತಾದ ನಿತ್ಯಜೀವನದ ವಸ್ತುಗಳೆಲ್ಲ ಇವರ ಕೈಯಲ್ಲಿ ತತ್ತ್ವದ ಸಂಕೇತಗಳಾದುವು.

ಪ್ರಕೃತ ಪದದಲ್ಲಿ ಆ ವಸ್ತುವು ಗುಡುಗುಡಿ, ಅಂದರೆ ಹುಕ್ಕ. ಪಲ್ಲವಿಯು ಕೇಳುವವನನ್ನು ಸೇದುವುದಕ್ಕೆ ಆಹ್ವಾನಿಸುತ್ತದೆ. ಚರಣಗಳು ಬಂದಂತೆ ಆಹ್ವಾನದ ಅರ್ಥ ತಿರುಗುತ್ತ ಹೋಗುತ್ತದೆ: ಮನಸ್ಸು ಸಂಚಿಯಾಗುತ್ತದೆ, ಮೋಹವು ಭಂಗಿಯಾಗುತ್ತದೆ, ಶರೀರವು ಬುರುಡೆಯಾಗುತ್ತದೆ. ಕೊನೆಗೆ ಸುಡಬೇಕಾದುದು ಸೊಪ್ಪಲ್ಲ, ಸೇದುವವನ ಮೋಹವೇ ಎಂದು ಗೊತ್ತಾಗುತ್ತದೆ. ಸೇದುವ ಕ್ರಿಯೆಯು ಉಸಿರಾಟದ ಕ್ರಿಯೆಯೇ ಆದುದರಿಂದ ಯೋಗಸಾಧನೆಯ ಸೂಚನೆಯೂ ಇಲ್ಲಿ ಸಹಜವಾಗಿ ಒದಗುತ್ತದೆ. ಒಂದೊಂದು ಚರಣ ಮುಗಿದಾಗಲೂ ಪಲ್ಲವಿ ಮರಳಿ ಬರುತ್ತದಷ್ಟೆ. ಶಬ್ದ ಅದೇ ಆದರೂ ಅರ್ಥ ಮೊದಲಿನದಲ್ಲ. ಈ ಪದದ ಶಿಲ್ಪವೆಲ್ಲ ಅಡಗಿರುವುದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ.

ಚರಿತ್ರೆಯ ದೃಷ್ಟಿಯಿಂದಲೂ ಪದವು ಗಮನಾರ್ಹವಾಗಿದೆ. ಶರೀಫರು ತೀರಿಕೊಂಡ ನಾಲ್ಕು ವರ್ಷಗಳ ತರುವಾಯ, ೧೮೯೩ರಲ್ಲಿ, ಬ್ರಿಟಿಷ್ ಸರಕಾರವು ಭಂಗಿ ಗಾಂಜಾಗಳ ಬಳಕೆಯನ್ನು ವಿಚಾರಿಸಲು ಆಯೋಗವೊಂದನ್ನು ನೇಮಿಸಿತು. ಅದು ಸಾವಿರಕ್ಕೂ ಹೆಚ್ಚು ಮಂದಿಯ ಸಾಕ್ಷ್ಯವನ್ನು ಪಡೆದು, ಸಂಪೂರ್ಣ ನಿಷೇಧ ಅನಗತ್ಯವೆಂದೂ ತೆರಿಗೆ ಮತ್ತು ಪರವಾನಗಿಗಳಿಂದ ಹತೋಟಿಯಲ್ಲಿಡುವುದು ಸಾಕೆಂದೂ ೧೮೯೪ರಲ್ಲಿ ವರದಿ ಮಾಡಿತು. ಸಾಧು ಬೈರಾಗಿಗಳ ನಡುವೆ ಈ ಬಳಕೆ ಎಷ್ಟು ಸಾಮಾನ್ಯವಾಗಿದ್ದಿತೆಂಬುದು ಆ ದಾಖಲೆಗಳಿಂದ ವಿದಿತವಾಗುತ್ತದೆ. ಅಂತಹ ಪರಿಸರದಲ್ಲಿ ಕವಿಯು ಕೇಳುಗರ ಕೈಯಲ್ಲಿದ್ದ ವಸ್ತುವನ್ನೇ ಹಿಡಿದು ಬೋಧಿಸಿದನು. ಅವರಿಗೆ ಹೊಗೆಯಲ್ಲಿ ಹೊಸತೇನೂ ಇರಲಿಲ್ಲ; ಹೊಸತಾಗಿದ್ದುದು ಚರಣಗಳ ಅರ್ಥ.

೪

ಪದಕ್ಕೆ ಕವಿಯೇ ಕಟ್ಟಿದ ಸ್ವರಲಿಪಿಯಿಲ್ಲ. ಬಾಯಿಂದ ಬಾಯಿಗೆ ಬಂದ ಇಂತಹ ರಚನೆಗಳಲ್ಲಿ ಕವಿಯ ಗುರುತನ್ನು ಕಾಯುವುದು ಅಂಕಿತ. ಅರ್ಥವನ್ನು ಕಾಯುವುದು ಗೋಷ್ಠಿ. ನಮ್ಮ ಚಿಂತಾಮಣಿ ತಾಲ್ಲೂಕಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೆಂಚಾರ್ಲಹಳ್ಳಿಯ ಸುತ್ತಲಿನ ಈ ಸೀಮೆಯಲ್ಲಿ ಕೈವಾರದ ನಾರಾಯಣ ಯತೀಂದ್ರರ ಪದಗಳು ತೆಲುಗು ಕನ್ನಡಗಳೆರಡರಲ್ಲಿಯೂ ಜನರ ಬಾಯಲ್ಲಿವೆ. ಬಳೆಯ ವ್ಯಾಪಾರ ಮಾಡುತ್ತಿದ್ದ ನಾರಾಯಣಪ್ಪನವರು ‘ಅಮರನಾರೇಯಣ’ನ ಅಂಕಿತದಲ್ಲಿ ಹಾಡಿದರು. ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಮುರುಗಮಲ್ಲದ ದರ್ಗಾ ಇದೇ ತಾಲ್ಲೂಕಿನಲ್ಲಿದೆ. ಆದುದರಿಂದ ಶರೀಫರು ಧಾರವಾಡದ ಕಡೆಯವರಾದರೂ ಅವರ ಮಾರ್ಗ ನಮಗೆ ಹೊರಗಿನದಲ್ಲ. ಭಜನೆಯ ಗೋಷ್ಠಿಯಲ್ಲಿ ಹಾಡು ಮುಗಿದ ಬಳಿಕ ಹಿರಿಯರೊಬ್ಬರು ಅದರ ಒಳಗನ್ನು ಬಿಡಿಸಿ ಹೇಳುವುದುಂಟು. ಕೇಳಿದವನು ಪ್ರಶ್ನೆ ಹಾಕಬಹುದು. ಪದವನ್ನು ಮತ್ತೊಮ್ಮೆ ಹಾಡಿಸಬಹುದು. ಹಾಡೂ ವ್ಯಾಖ್ಯಾನವೂ ಅಲ್ಲಿ ಬೇರೆಬೇರೆಯಲ್ಲ.

ಈ ಪರಂಪರೆಯಿಂದ ಶರೀಫರ ಪದಗಳನ್ನು ನಗರದ ಕೇಳುಗರ ಬಳಿಗೆ ತಂದವರಲ್ಲಿ ಸಂಗೀತಗಾರ ಸಿ. ಅಶ್ವಥ್ (೧೯೩೯–೨೦೦೯) ಪ್ರಮುಖರು. ಟಿ. ಎಸ್. ನಾಗಾಭರಣರು ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಲಚ್ಚಿತ್ರಕ್ಕೆ (೧೯೯೦) ಸಂಗೀತವನ್ನು ಒದಗಿಸಿದವರೂ ಅವರೇ. ಪಠ್ಯದ ಕಡೆಯಿಂದ ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರು ಇದೇ ಕಾರ್ಯದಲ್ಲಿ ಶ್ರಮಿಸಿದರು. ಸುಗಮ ಸಂಗೀತವು ಪದವನ್ನು ಗೋಷ್ಠಿಯಿಂದ ಕ್ಯಾಸೆಟ್ಟಿಗೆ ತಂದಿತು. ವ್ಯಾಖ್ಯಾನಕಾರನು ಹಿಂದೆ ಉಳಿದನು. ಆದರೆ ಸ್ಫುಟವಾದ ಉಚ್ಚಾರಣೆಯಿಂದ ಹಾಡತಕ್ಕ ಪದ್ಧತಿಯಾದುದರಿಂದ ಅಲ್ಲಿ ಸಾಹಿತ್ಯಕ್ಕೇ ಅಗ್ರಸ್ಥಾನ ಸಂದಿತು.

೫

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ಸೂಕ್ಷ್ಮಜೀವಿಶಾಸ್ತ್ರದ ವಿದ್ಯಾರ್ಥಿಯಾಗಿದ್ದವರು, ಭರತನಾಟ್ಯವನ್ನೂ ಕಲಿತವರು. ‘ಅಂತರಾಗ್ನಿ’ ಎಂಬ ತಂಡದ ಅನುಭವದ ನಂತರ ಅವರು ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ತಂಡವನ್ನು ಕಟ್ಟಿದರು. ೨೦೦೮ರಲ್ಲಿ ಹೊರಬಂದ ಅವರ ಮೊದಲ ಆಲ್ಬಮ್ಮಿನಲ್ಲಿ ಹಿಂದಿ ಮತ್ತು ಇಂಗ್ಲಿಷ್ ಗೀತೆಗಳ ನಡುವೆ ‘ಗುಡುಗುಡಿಯ ಸೇದಿ ನೋಡೋ’ ಸ್ಥಾನ ಪಡೆಯಿತು. ೨೦೧೦ರಲ್ಲಿ ಈ ತಂಡವು ಬಿಬಿಸಿಯ ಜೂಲ್ಸ್ ಹಾಲಂಡ್ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಿತು. ಒಂದು ಶತಮಾನಕ್ಕೆ ಮೇಲ್ಪಟ್ಟು ಹಳೆಯದಾದ ತತ್ತ್ವಪದವನ್ನು ಹಾಡುವ ತಂಡವೊಂದು ಹೀಗೆ ಕನ್ನಡ ಬಾರದ ಕೇಳುಗರ ಮುಂದೆ ನಿಂತಿತು.

ಈ ರೂಪಾಂತರದ ಗುಣಗಳನ್ನು ಮೊದಲು ಹೇಳತಕ್ಕದ್ದು ನ್ಯಾಯ. ಮಾರುಕಟ್ಟೆಯ ಒತ್ತಾಯಕ್ಕೆ ಮಣಿದು ಸಾಹಿತ್ಯವನ್ನು ಭಾಷಾಂತರಿಸಿಲ್ಲ. ರೂಪಕವನ್ನು ಬೆಳೆಸುವ ಚರಣಗಳು ಕನ್ನಡದಲ್ಲಿಯೇ ಕೇಳಿಬರುತ್ತವೆ. ತುಂಬು ಕಂಠದ ಹಾಡಿಕೆ ಬಯಲಿನ ಗಾಯಕರನ್ನು ನೆನಪಿಗೆ ತರುತ್ತದೆ. ಪದದ ವಸ್ತುವೇ ಉಸಿರಾದುದರಿಂದ ಉಸಿರುಗಟ್ಟಿ ಹಾಡುವ ಈ ರೀತಿ ಅನುಚಿತವೆನಿಸುವುದಿಲ್ಲ. ‘ಸಂಪ್ರದಾಯದ ಧಾಟಿ ಕೆಟ್ಟಿತು’ ಎಂಬ ಆಕ್ಷೇಪಣೆಗೂ ಹುರುಳಿಲ್ಲ. ಬ್ಲೇಕನ ಪದ್ಯಕ್ಕೆ ಪ್ಯಾರಿಯ ಧಾಟಿ ಎಂಬ ಒಂದು ನಿಶ್ಚಿತ ಪ್ರಮಾಣವಿದ್ದಿತು. ೧೯೭೩ರ ತಂಡವು ಅದಕ್ಕೆ ಬದ್ಧವಾಯಿತು. ಶರೀಫರ ಪದಕ್ಕೆ ಅಂತಹ ಪ್ರಮಾಣವಿಲ್ಲವಾದ್ದರಿಂದ ಕೆಡಿಸುವುದಕ್ಕೆ ಮೂಲ ಧಾಟಿಯೇ ಇಲ್ಲ. ಆದರೆ ಇದರಿಂದಲೇ ಇನ್ನೊಂದು ಹೊಣೆ ಹುಟ್ಟುತ್ತದೆ. ಧಾಟಿಯಲ್ಲಿ ಸ್ವಾತಂತ್ರ್ಯವಿರುವಲ್ಲಿ ಕಾಪಾಡಬೇಕಾದುದು ಪದದ ಅರ್ಥಕ್ರಮವೊಂದೇ.

ಈ ಅಳತೆಯಿಂದ ನೋಡಿದರೆ ನಷ್ಟವೂ ಕಾಣುತ್ತದೆ. ರಾಕ್ ವೇದಿಕೆಯಲ್ಲಿ ಹಾಡಿನ ಪ್ರಾಣವಿರುವುದು ಪಲ್ಲವಿಯಲ್ಲಿ. ಸಭೆಯು ಸೇರಿ ಹಾಡುವುದು ಅದನ್ನೇ. ಚರಣಗಳನ್ನು ಗಾಯಕನೊಬ್ಬನು ಹಾಡುತ್ತಾನೆ, ಸಾವಿರ ಜನ ಆಹ್ವಾನವನ್ನು ಮಾತ್ರ ಪುನರುಚ್ಚರಿಸುತ್ತಾರೆ. ಪಲ್ಲವಿಯ ಅರ್ಥವನ್ನು ಚರಣಗಳು ಹಂತಹಂತವಾಗಿ ಬದಲಿಸುವುದೇ ಪದದ ಶಿಲ್ಪವೆಂದು ಮೇಲೆ ಹೇಳಿದೆವು. ಚರಣವು ಕಿವಿಗೆ ಮುಟ್ಟದಿದ್ದರೆ ಪಲ್ಲವಿ ಮೊದಲಿದ್ದಲ್ಲಿಯೇ ಉಳಿಯುತ್ತದೆ. ಗುಡುಗುಡಿ ಗುಡುಗುಡಿಯಾಗಿಯೇ ಇರುತ್ತದೆ. ಕಾಲವೂ ಬದಲಾಗಿದೆ. ೧೯೮೫ರ ಮಾದಕವಸ್ತು ಕಾಯಿದೆಯ ತರುವಾಯ ಗಾಂಜಾ ಸೇದುವುದು ಅಪರಾಧ. ರಾಕ್ ಸಂಗೀತಕ್ಕಾದರೋ ೧೯೬೦ರ ದಶಕದಿಂದಲೇ ಅಮಲಿನ ನಂಟು ಅಂಟಿಕೊಂಡಿದೆ. ಶರೀಫರ ಶ್ರೋತೃವಿಗೆ ಸಾಧಾರಣವಾಗಿದ್ದ ವಸ್ತುವು ಇಂದಿನ ತರುಣನಿಗೆ ನಿಷಿದ್ಧದ ಆಕರ್ಷಣೆಯಾಗಿದೆ. ಮೋಹವನ್ನು ಸುಡಬೇಕೆಂಬ ಪದವು ಮೋಹದ ಹಾಡಾಗಿ ಕೇಳಿಸುವ ಅಪಾಯ ಇಲ್ಲಿದೆ.

ಈ ದೋಷವನ್ನು ಗಾಯಕನ ತಲೆಗೆ ಕಟ್ಟುವುದು ನಮಗೆ ಸಮ್ಮತವಲ್ಲ. ಪದದ ಹೊರಮೈ ಮೋಹಕವಾಗಿರುವುದು ಕವಿಯ ಉದ್ದೇಶವೇ ಆಗಿದ್ದಿತು. ಬಲೆಗೆ ಕಾಳಿಲ್ಲದಿದ್ದರೆ ಹಕ್ಕಿ ಇಳಿಯುವುದಿಲ್ಲ. ಕಾಳನ್ನು ಚೆಲ್ಲುವ ಕೆಲಸವನ್ನು ರಾಕ್ ಗಾಯಕನು ಸಮರ್ಥವಾಗಿಯೇ ಮಾಡಿದ್ದಾನೆ. ಗೋಷ್ಠಿಯ ಹಿರಿಯನು ಮಾಡುತ್ತಿದ್ದ ವ್ಯಾಖ್ಯಾನದ ಕೆಲಸ ಮಾತ್ರ ವಾರಸುದಾರರಿಲ್ಲದೆ ನಿಂತಿದೆ.

೬

ರಾಕ್ ಅವತಾರದ ಫಲ ಸಣ್ಣದಲ್ಲ. ಇದೇ ತಂಡವು ೨೦೧೩ರ ‘ಜಗ್ ಚಂಗಾ’ ಆಲ್ಬಮ್ಮಿನಲ್ಲಿ ಶರೀಫರ ‘ಲೋಕದ ಕಾಳಜಿ’ಯನ್ನು ಹಾಡಿತು. ಶಿಶುನಾಳ ಎಂಬ ಊರಿನ ಹೆಸರನ್ನು ಪಠ್ಯಪುಸ್ತಕದಿಂದಲ್ಲದೆ ಹಾಡಿನಿಂದ ಅರಿತ ಒಂದು ಪೀಳಿಗೆ ಇಂದು ನಮ್ಮ ತರಗತಿಗಳಲ್ಲಿ ಕುಳಿತಿದೆ. ಪದವು ಅವರಿಗೆ ಕಂಠಪಾಠವಾಗಿದೆ, ಅರ್ಥವಷ್ಟೇ ಬಾಕಿಯಿದೆ. ಅಧ್ಯಾಪಕನಿಗೆ ಇದಕ್ಕಿಂತ ಅನುಕೂಲವಾದ ಸನ್ನಿವೇಶ ದೊರೆಯುವುದು ಅಪೂರ್ವ.

ಆದ್ದರಿಂದ ನಮ್ಮ ಸೂಚನೆಗಳು ಎರಡು. ಒಂದು, ಕನ್ನಡ ಮತ್ತು ಚರಿತ್ರೆಯ ತರಗತಿಗಳಲ್ಲಿ ಈ ಧ್ವನಿಮುದ್ರಣವನ್ನು ಸಂಕೋಚವಿಲ್ಲದೆ ಕೇಳಿಸಿ, ಚರಣಗಳನ್ನು ಕೈಗೆ ಕೊಟ್ಟು, ಒಂದೊಂದು ಚರಣದ ಕೊನೆಯಲ್ಲಿಯೂ ಪಲ್ಲವಿಯ ಅರ್ಥ ಹೇಗೆ ತಿರುಗಿತೆಂಬುದನ್ನು ವಿದ್ಯಾರ್ಥಿಗಳ ಬಾಯಿಂದಲೇ ಹೇಳಿಸಬೇಕು. ಎರಡು, ನಮ್ಮ ಗ್ರಾಮಗಳಲ್ಲಿ ಇಂದಿಗೂ ಹಾಡುತ್ತಿರುವ ತತ್ತ್ವಪದಗಳ ಧಾಟಿಗಳನ್ನು, ಹಾಡಿದ ಬಳಿಕ ಹಿರಿಯರು ಹೇಳುವ ವಿವರಣೆಯ ಸಮೇತ, ವಿದ್ಯಾರ್ಥಿಗಳು ಧ್ವನಿಮುದ್ರಿಸಿಕೊಳ್ಳಬೇಕು. ಧಾಟಿ ಮಾತ್ರ ಉಳಿದರೆ ಮುಂದಿನ ವಾದ್ಯತಂಡಕ್ಕೆ ಸಾಮಗ್ರಿಯಾದೀತು. ವಿವರಣೆಯೂ ಉಳಿದರೆ ಮುಂದಿನ ಕೇಳುಗನಿಗೆ ಪದವೇ ದಕ್ಕೀತು.