ಶೀರ್ಷಿಕಾರೀತಿಯೂ ವಾಕ್ಯರೀತಿಯೂ

ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳೆಂಬ ಭೇದವಿಲ್ಲ. ಆದುದರಿಂದ ಇಂಗ್ಲಿಷಿನ ದೊಡ್ಡಕ್ಷರಗಳ ವಿಚಾರವು ನಮಗೆ ಸಂಬಂಧಪಟ್ಟುದಲ್ಲವೆಂದು ವಾಚಕರಿಗೆ ತೋರಬಹುದು. ಆದರೆ ಗಣಕಯಂತ್ರದ ತೆರೆಯ ಮೇಲೆ ಕಾಣುವ ಮೆನು, ಬಟನ್ ಮೊದಲಾದುವುಗಳ ಕನ್ನಡ ಪಾಠವು ಬಹುಮಟ್ಟಿಗೆ ಇಂಗ್ಲಿಷ್ ಮೂಲದಿಂದ ಅನುವಾದವಾಗಿ ಬರುತ್ತಿದೆ. ಮೂಲದಲ್ಲಿ ಸಂದೇಹವಿದ್ದರೆ ಅನುವಾದದಲ್ಲಿ ದೋಷವುಂಟಾಗುವುದು ಸಹಜ. ಆ ಕಾರಣದಿಂದ ಈ ವಿಮರ್ಶೆಯು ಅಪ್ರಸ್ತುತವಾಗಲಾರದು.

ಈ ವಿಷಯದಲ್ಲಿ ಎರಡು ಮತಗಳು ಪ್ರಸಿದ್ಧವಾಗಿವೆ. ಗ್ರಂಥದ ಹೆಸರನ್ನು ಬರೆಯುವಂತೆ ಮುಖ್ಯ ಪದಗಳೆಲ್ಲವನ್ನೂ ದೊಡ್ಡಕ್ಷರದಿಂದ ಆರಂಭಿಸುವುದು ಶೀರ್ಷಿಕಾರೀತಿ. ಮೊದಲನೆಯ ಪದವನ್ನೂ ಅಂಕಿತನಾಮಗಳನ್ನೂ ಮಾತ್ರ ಹಾಗೆ ಆರಂಭಿಸುವುದು ವಾಕ್ಯರೀತಿ. ಆಪಲ್ ಸಂಸ್ಥೆಯ ಮಾರ್ಗದರ್ಶಿಯು ಮೆನು ಬಟನ್‌ಗಳಿಗೆ ಮೊದಲನೆಯದನ್ನು ವಿಧಿಸುತ್ತದೆ. ಮೈಕ್ರೊಸಾಫ್ಟ್ ಶೈಲಿಗ್ರಂಥವೂ ಗೂಗಲ್ಲಿನ ಮಟೀರಿಯಲ್ ಡಿಸೈನ್ ಎಂಬ ಮಾರ್ಗದರ್ಶಿಯೂ ಎರಡನೆಯದನ್ನು ವಿಧಿಸುತ್ತವೆ. ಎಲ್ಲ ಅಕ್ಷರಗಳನ್ನೂ ದೊಡ್ಡದಾಗಿಯೇ ಬರೆಯುವ ಮೂರನೆಯ ಪದ್ಧತಿಯೊಂದು 2012ರ ವಿಷುಯಲ್ ಸ್ಟುಡಿಯೋದ ಮೆನುಗಳಲ್ಲಿಯೂ 2014ರ ಮಟೀರಿಯಲ್ ಡಿಸೈನ್‌ನ ಬಟನ್‌ಗಳಲ್ಲಿಯೂ ಕಾಣಿಸಿಕೊಂಡಿತು. 2021ರಲ್ಲಿ ಪ್ರಕಟವಾದ ಮಟೀರಿಯಲ್‌ನ ಮೂರನೆಯ ಆವೃತ್ತಿಯು ಅದನ್ನು ಕೈಬಿಟ್ಟಿತಾದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ಶೀರ್ಷಿಕಾರೀತಿಯ ಪಕ್ಷದಲ್ಲಿ ಹೀಗೆ ಹೇಳಬಹುದು: ಬಟನ್ನಿನ ಮೇಲಿನ ಬರೆಹವು ವಾಕ್ಯವಲ್ಲ, ಆ ಬಟನ್ನಿನ ಹೆಸರು, ಹೆಸರಿಗೆ ದೊಡ್ಡಕ್ಷರವು ಯುಕ್ತವೇ ಆಗಿದೆ. ಈ ವಾದದಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಬಟನ್ನಿಗೆ ಅದರ ಅಂಚೂ ಸ್ಥಾನವೂ ಹೆಸರೆಂಬ ಗುರುತನ್ನು ಮೊದಲೇ ಕೊಟ್ಟಿವೆ. ಕೈಪಿಡಿಯಲ್ಲಿ ಆ ಹೆಸರನ್ನು ಉದಾಹರಿಸುವಾಗ ದಪ್ಪಕ್ಷರವು ಅದೇ ಕೆಲಸವನ್ನು ಮಾಡುತ್ತದೆ.

ಇನ್ನು ಈ ರೀತಿಯ ನಿಯಮಗಳನ್ನು ನೋಡೋಣ. 'ಲಾಗ್ ಇನ್' ಎಂಬಲ್ಲಿ 'ಇನ್' ಎಂಬುದು ಕ್ರಿಯೆಯ ಅಂಗ; ಆದುದರಿಂದ ಅದಕ್ಕೆ ದೊಡ್ಡಕ್ಷರ. 'ಸೇವ್ ಇನ್ ಫೋಲ್ಡರ್' ಎಂಬಲ್ಲಿ ಅದೇ ಶಬ್ದವು ನಾಮಪದಕ್ಕೆ ಸೇರಿದ ಅವ್ಯಯ, ಆದುದರಿಂದ ಚಿಕ್ಕಕ್ಷರ. ಪಾಣಿನೀಯವನ್ನು ಓದಿದವರಿಗೆ ಇದು ಹೊಸತಲ್ಲ. 'ಅನುಭವತಿ' ಎಂಬಲ್ಲಿ ಉಪಸರ್ಗವಾದ 'ಅನು'ವೇ 'ವೃಕ್ಷಮನು' ಎಂಬಲ್ಲಿ ಕರ್ಮಪ್ರವಚನೀಯವಾಗುತ್ತದೆ. ಶಾಸ್ತ್ರದಲ್ಲಿ ಈ ವಿವೇಚನೆಗೆ ಫಲವುಂಟು. ಸಂಜ್ಞೆಯು ಬೇರೆಯಾದರೆ ಕಾರ್ಯವೂ ಬೇರೆಯಾಗುತ್ತದೆ. ಬಟನ್ನಿನ ಮೇಲೆ ಅಂತಹ ಫಲವೇನೂ ಕಾಣದು. ಮೇಲಾಗಿ ನಿಯಮಕಾರರಲ್ಲಿಯೇ ಐಕಮತ್ಯವಿಲ್ಲ. 'ಷೇರ್ ವಿತ್ ಫ್ರೆಂಡ್ಸ್' ಎಂಬಲ್ಲಿ ನಾಲ್ಕಕ್ಷರದ 'ವಿತ್' ಪದವನ್ನು ಆಪಲ್ ಚಿಕ್ಕದಾಗಿ ಬರೆಯಿಸುತ್ತದೆ, ಗ್ನೋಮ್ ದೊಡ್ಡದಾಗಿ ಬರೆಯಿಸುತ್ತದೆ.

ಶ್ರಮವನ್ನು ಹೇಗಾದರೂ ಸಹಿಸಬಹುದು, ಅರ್ಥಹಾನಿಯನ್ನು ಸಹಿಸಲಾಗದು. ಇಂಗ್ಲಿಷಿನಲ್ಲಿ ದೊಡ್ಡಕ್ಷರದ ಮುಖ್ಯ ಪ್ರಯೋಜನಗಳಲ್ಲೊಂದು ಅಂಕಿತನಾಮವನ್ನು ರೂಢನಾಮದಿಂದ ಬೇರ್ಪಡಿಸುವುದು. 'ಪೇಜಸ್' ಎಂಬುದು ಪುಟಗಳೆಂಬ ರೂಢನಾಮ; ಆಪಲ್ ಸಂಸ್ಥೆಯ ಬರೆವಣಿಗೆಯ ತಂತ್ರಾಂಶವೊಂದರ ಅಂಕಿತನಾಮವೂ ಅದೇ. ವಾಕ್ಯರೀತಿಯಲ್ಲಿ 'ಓಪನ್ ಪೇಜಸ್' ಎಂದು ಬರೆದರೆ ಎರಡನೆಯ ಪದದ ಮೊದಲಕ್ಷರವೇ ಅರ್ಥವನ್ನು ನಿರ್ಣಯಿಸುತ್ತದೆ. ಶೀರ್ಷಿಕಾರೀತಿಯಲ್ಲಿ ಎರಡಕ್ಕೂ ಒಂದೇ ರೂಪ. ಅನುವಾದಕನ ಕೈಗೆ ಅನೇಕ ವೇಳೆ ಈ ಎರಡು ಪದಗಳು ಮಾತ್ರ ಬರುತ್ತವೆ, ಸಂದರ್ಭವು ಬರುವುದಿಲ್ಲ. 'ಪುಟಗಳನ್ನು ತೆರೆಯಿರಿ' ಎನ್ನಬೇಕೋ 'ಪೇಜಸ್ ತೆರೆಯಿರಿ' ಎನ್ನಬೇಕೋ ಅವನು ಹೇಗೆ ತಿಳಿಯಬೇಕು? ತಪ್ಪಿದರೆ ಅದನ್ನು ಮುಚ್ಚಿಕೊಳ್ಳಲು ನಮ್ಮ ಲಿಪಿಯಲ್ಲಿ ದೊಡ್ಡಕ್ಷರವೂ ಇಲ್ಲ. ಮೂಲದಲ್ಲಿ ಸಂದಿಗ್ಧವಾಗಿದ್ದುದು ಕನ್ನಡದಲ್ಲಿ ಸ್ಪಷ್ಟವಾದ ತಪ್ಪಾಗಿಯೇ ನಿಲ್ಲುತ್ತದೆ.

ಎಲ್ಲಕ್ಕೂ ಹಾಕಿದ ಚಿಹ್ನೆಯು ಯಾವುದನ್ನೂ ಸೂಚಿಸದು. ಆದಕಾರಣ ವಾಕ್ಯರೀತಿಯೇ ಗ್ರಾಹ್ಯವೆಂದು ನಮ್ಮ ಅಭಿಪ್ರಾಯ. ಶೀರ್ಷಿಕಾರೀತಿಯನ್ನು ಬಿಡಲೊಲ್ಲದವರು ಅನುವಾದಕನಿಗೆ ಕಳುಹಿಸುವ ಪಾಠದಲ್ಲಿ ಅಂಕಿತನಾಮಗಳನ್ನು ಪ್ರತ್ಯೇಕವಾಗಿ ಗುರುತಿಸಿ ಕೊಡುವುದಾದರೂ ಅವಶ್ಯಕ. ಕನ್ನಡದಲ್ಲಿ ಬರೆಯುವವರಾದ ನಾವು, ಅಂಕಿತನಾಮವನ್ನು ಉದ್ಧರಣಚಿಹ್ನೆಯಿಂದಲೋ 'ಎಂಬ' ಶಬ್ದದಿಂದಲೋ ಗುರುತಿಸುವ ನಮ್ಮ ಹಳೆಯ ಕ್ರಮವನ್ನು ತೆರೆಯ ಮೇಲೆಯೂ ಉಳಿಸಿಕೊಳ್ಳುವುದು ಲೇಸು.